ಬೆಂಕಿ ಕಂಡಿತು, ನಲ್ಲಿ ಕಾಣಲಿಲ್ಲ

ಗಲಭೆ, ಬೆಂಕಿಯಲ್ಲಿ ಮುಗಿದ ಅಮೆರಿಕದ ಸಂಗೀತ ಹಬ್ಬ ವುಡ್‌ಸ್ಟಾಕ್ 99ರ ಬಗ್ಗೆ ನೆಟ್‌ಫ್ಲಿಕ್ಸ್ 2022ರ ಆಗಸ್ಟ್‌ನಲ್ಲಿ ಮೂರು ಕಂತಿನ ಸಾಕ್ಷ್ಯಚಿತ್ರ ಬಿಟ್ಟಿತು. ಹೆಸರು ‘ಟ್ರೇನ್‌ರೆಕ್’. ಅದನ್ನು ನೋಡಿದವರ ಜೊತೆ ಮಾತಿಗೆ ಕೂತರೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. “ಛೀ, ಮನುಷ್ಯರಾ ಅವರು!” ಅನ್ನೋದು ಒಂದು. “ಎಲ್ಲಾ ಆ ಗಾಯಕ ಫ್ರೆಡ್ ಡರ್ಸ್ಟ್‌ನಿಂದಲೇ ಆಗಿದ್ದು” ಅನ್ನೋದು ಇನ್ನೊಂದು. ಮೂರನೇದೊಂದು ಇದೆ. ಅದನ್ನು ಯಾರೂ ಜೋರಾಗಿ ಹೇಳಲ್ಲ. ನನ್ನ ಗೆಳೆಯನ ತಮ್ಮ, ಇನ್ನೂ ಕಾಲೇಜಿನ ಹುಡುಗ, ಕೊನೇ ಕಂತು ಮುಗಿದ ಮೇಲೆ ಹೇಳಿದ: “ಅಣ್ಣಾ, ಬೈಬೇಡಿ. ಆದ್ರೂ ಅಲ್ಲಿ ಇರಬೇಕಿತ್ತು ಅನ್ನಿಸ್ತು.”

ಬೈಯೋಕೆ ಏನಿದೆ? ಆ ಚಿತ್ರದಲ್ಲಿ ಮಾತಾಡುವ, ಖುದ್ದು ಅಲ್ಲಿದ್ದ ಕೆಲವರೂ ಅದನ್ನೇ ಹೇಳುತ್ತಾರೆ. ಈಗ ನಡುವಯಸ್ಸಿಗೆ ಬಂದಿದ್ದಾರೆ. ಕೊಳಕು, ಬಿಸಿಲು, ಭಯ, ಎಲ್ಲವನ್ನೂ ವಿವರಿಸುತ್ತಾರೆ. ಆಮೇಲೆ ಕಣ್ಣಲ್ಲೊಂದು ಹೊಳಪು. ಮತ್ತೆ ಕರೆದರೆ ಹೋಗ್ತೀನಿ ಅನ್ನುತ್ತಾರೆ. ನೋಡುಗರಲ್ಲಿ ಬಹಳ ಜನಕ್ಕೆ ಸಿಟ್ಟು ಬಂದಿದ್ದು ಇಲ್ಲೇ. ನನಗೆ ಮಾತ್ರ ಅವರ ಮೇಲೆ ಸಿಟ್ಟು ಬರಲಿಲ್ಲ. ಇಂಥ ಚಿತ್ರ ನೋಡಿ ಎದ್ದವರ ತಲೆಯಲ್ಲಿ ಏನು ಉಳಿಯುತ್ತೆ, ಏನು ಉದುರಿಹೋಗುತ್ತೆ ಅನ್ನೋದರ ಮೇಲೆ ಕುತೂಹಲ ಹುಟ್ಟಿತು.

ನಡೆದಿದ್ದೇನು ಅಂತ ಮೊದಲು ನೋಡೋಣ. 1999ರ ಜುಲೈ ಕೊನೆ. ಜಾಗ ನ್ಯೂಯಾರ್ಕ್ ರಾಜ್ಯದ ರೋಮ್ ಎಂಬ ಊರು. ಅಲ್ಲಿ ಮುಚ್ಚಿಹೋಗಿದ್ದ ಗ್ರಿಫಿಸ್ ವಾಯುನೆಲೆ. ಎರಡು ಲಕ್ಷಕ್ಕೂ ಹೆಚ್ಚು ಜನ. ವಾಯುನೆಲೆಯನ್ನೇ ಯಾಕೆ ಆರಿಸಿಕೊಂಡರು ಅಂದರೆ, 1994ರ ವುಡ್‌ಸ್ಟಾಕ್‌ನಲ್ಲಿ ಜನ ಬೇಲಿ ಮುರಿದು ಬಿಟ್ಟಿಯಾಗಿ ನುಗ್ಗಿದ್ದರು. ಈ ಸಲ ಅದಾಗಬಾರದು. ಟಿಕೆಟ್ ಇಲ್ಲದವನು ಒಳಗೆ ಬರಬಾರದು. ಸುತ್ತಲೂ ಎತ್ತರದ ಪ್ಲೈವುಡ್ ಗೋಡೆ ಎಬ್ಬಿಸಿದರು. ಅದರ ಮೇಲೆ ಶಾಂತಿಯ ಚಿತ್ರಗಳನ್ನು ಬರೆಸಿದರು. ಒಳಗೆ ಕಣ್ಣು ಹಾಯಿಸಿದಷ್ಟೂ ಡಾಂಬರು, ಕಾಂಕ್ರೀಟು. ನೆರಳು ಅನ್ನೋದು ಇಲ್ಲವೇ ಇಲ್ಲ ಅನ್ನಬಹುದು. ಎರಡು ದೊಡ್ಡ ವೇದಿಕೆಗಳ ನಡುವೆ ಒಂದು ಮೈಲಿಗಿಂತ ಜಾಸ್ತಿ ದೂರ. ಬಿಸಿಲು ಹೆಚ್ಚುಕಮ್ಮಿ 38 ಡಿಗ್ರಿ. ಹೊರಗಿಂದ ತಂದ ನೀರಿನ ಬಾಟಲಿಗಳನ್ನು ಗೇಟಿನಲ್ಲೇ ಕಿತ್ತುಕೊಂಡರು. ಒಳಗೆ ಒಂದು ಬಾಟಲಿಗೆ 4 ಡಾಲರ್.

ಅದು 1999ರ 4 ಡಾಲರ್, ನೆನಪಿರಲಿ. ಊಟ, ನೀರು ಮಾರುವ ಹಕ್ಕನ್ನು ಹೊರಗಿನವರಿಗೆ ಕೊಟ್ಟಾಗಿತ್ತು. ಹಾಗಾಗಿ ಬೆಲೆ ಇಳಿಸಿ ಅಂತ ಗದರಿಸುವ ಅಧಿಕಾರವೂ ಆಯೋಜಕರ ಕೈಯಲ್ಲಿ ಉಳಿದಿರಲಿಲ್ಲ.

ಪುಕ್ಕಟೆ ನೀರಿನ ನಲ್ಲಿಗಳೂ ಇದ್ದವು. ಅವುಗಳ ಮುಂದೆ ಉದ್ದುದ್ದ ಸಾಲು. ತಾಳ್ಮೆ ಕೆಟ್ಟವರು ಪೈಪನ್ನೇ ಒಡೆದರು. ನೀರು ಹರಿದು ಕೆಸರಾಯಿತು. ಪಕ್ಕದಲ್ಲೇ ಸಾಲಾಗಿ ನಿಲ್ಲಿಸಿದ್ದ ತಾತ್ಕಾಲಿಕ ಕಕ್ಕಸುಗಳು. ಮೊದಲ ದಿನ ಕಳೆಯುವಷ್ಟರಲ್ಲೇ ಅವು ತುಂಬಿ ಹೊರಗೆ ಚೆಲ್ಲುತ್ತಿದ್ದವು. ಎರಡೂ ಸೇರಿದವು. ಕ್ಯಾಮೆರಾ ಅಲ್ಲಿಗೆ ಹೋಗುತ್ತೆ. ಹುಡುಗರು ಆ ಕೆಸರಲ್ಲಿ ಹೊರಳಾಡುತ್ತಿದ್ದಾರೆ, ಒಬ್ಬರ ಮುಖಕ್ಕೊಬ್ಬರು ಬಳಿಯುತ್ತಿದ್ದಾರೆ, ನಗುತ್ತಿದ್ದಾರೆ. 1969ರ ಮೂಲ ವುಡ್‌ಸ್ಟಾಕ್‌ನ ಚಿತ್ರದಲ್ಲಿ ಮಳೆಯ ಕೆಸರಲ್ಲಿ ಜಾರಿದವರ ಹಾಗೇ ತಾವೂ ಅಂದುಕೊಂಡಿದ್ದಾರೆ. ಅದು ಬರೀ ಕೆಸರಲ್ಲ ಅಂತ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ನೀರಿನ ಮಾದರಿ ತೆಗೆದು ನೋಡಿದರೆ ಅದಕ್ಕೂ ಹೊಲಸು ಸೇರಿದೆ. ಕುಡಿದ ಕೆಲವರ ಬಾಯೆಲ್ಲ ಹುಣ್ಣು.

ಈ ದೃಶ್ಯಕ್ಕೆ ಬರುವ ಪ್ರತಿಕ್ರಿಯೆ ಒಂದೇ. “ಅಯ್ಯಪ್ಪಾ, ಅಸಹ್ಯ.” ಮುಖ ಕಿವುಚಿಕೊಂಡು ನಗು. ಅಷ್ಟಕ್ಕೆ ಮುಗಿಯಿತು. ಕಕ್ಕಸು ಖಾಲಿ ಮಾಡುವ ಗಾಡಿ ಹೊತ್ತಿಗೆ ಸರಿಯಾಗಿ ಯಾಕೆ ಬರಲಿಲ್ಲ? ಕಸ ಎತ್ತುವವರು ಎಲ್ಲಿ ಹೋದರು? ಇದಕ್ಕೆಲ್ಲ ಎಷ್ಟು ದುಡ್ಡು ಇಟ್ಟಿದ್ದರು, ಅದರಲ್ಲಿ ಎಷ್ಟು ಕಡಿತ ಮಾಡಿದರು? ಚಿತ್ರ ಈ ಪ್ರಶ್ನೆಗಳನ್ನು ಮುಟ್ಟುತ್ತೆ. ನಾವು ಮುಟ್ಟಲ್ಲ. ಮುಂದಿನ ಕಂತಿನಲ್ಲಿ ಬೆಂಕಿ ಬರುತ್ತೆ ಅಂತ ಗೊತ್ತಲ್ವಾ, ಅದಕ್ಕೆ ಕಾಯುತ್ತಾ ಕೂರುತ್ತೇವೆ.

ಈಗ ಫ್ರೆಡ್ ಡರ್ಸ್ಟ್ ವಿಷಯ. ಲಿಂಪ್ ಬಿಜ್‌ಕಿಟ್ ತಂಡದ ಗಾಯಕ. ಶನಿವಾರ ಸಂಜೆ ಆತ ಹಾಡಿದಾಗ ಜನ ಕೆರಳಿದ್ದು ನಿಜ. ‘ಬ್ರೇಕ್ ಸ್ಟಫ್’ ಹಾಡಿನ ಹೊತ್ತಿಗೆ ಪ್ಲೈವುಡ್ ಹಲಗೆಗಳನ್ನು ಕಿತ್ತು, ಅವುಗಳ ಮೇಲೆ ನಿಂತು, ಜನರ ತಲೆಗಳ ಮೇಲೆ ತೇಲಿದ್ದೂ ನಿಜ. ಆಯೋಜಕ ಜಾನ್ ಶೆರ್ ಕ್ಯಾಮೆರಾ ಮುಂದೆ ಕೂತು ಇವನ ಮೇಲೆ ಬೆರಳು ತೋರಿಸುತ್ತಾನೆ. ಮಿಕ್ಕಿದ್ದೆಲ್ಲ ಚೆನ್ನಾಗಿತ್ತು, ಇವನು ಕೆಡಿಸಿದ ಅನ್ನೋ ಧಾಟಿ. ಬಹಳಷ್ಟು ನೋಡುಗರು ಅದನ್ನು ಹಾಗೇ ಒಪ್ಪಿಕೊಂಡರು. ಟೋಪಿ ತಿರುಗಿಸಿ ಹಾಕಿಕೊಂಡು, ಮುಖ ಗಂಟಿಕ್ಕಿಕೊಂಡು ಕುಣಿಯುವವನನ್ನು ಖಳನಾಯಕ ಮಾಡೋದು ಎಷ್ಟು ಸುಲಭ! ಸರಬರಾಜು ಕರಾರುಪತ್ರಕ್ಕೆ ಮುಖ ಇರಲ್ಲ. ಅದು ತೆರೆಯ ಮೇಲೆ ಕುಣಿಯೋದೂ ಇಲ್ಲ.

ಆದರೆ ಬೆಂಕಿ ಬಿದ್ದಿದ್ದು ಮರುದಿನ, ಭಾನುವಾರ ರಾತ್ರಿ. ಆಗ ವೇದಿಕೆ ಮೇಲೆ ಇದ್ದದ್ದು ರೆಡ್ ಹಾಟ್ ಚಿಲಿ ಪೆಪ್ಪರ್ಸ್. ಬಂದೂಕು ಹಿಂಸೆಯ ವಿರುದ್ಧ ಒಂದು ಸಂಸ್ಥೆ ಜನರಿಗೆ ಮೇಣದಬತ್ತಿ ಹಂಚಿತ್ತು. ಉದ್ದೇಶ ಒಳ್ಳೆಯದೇ. ಮೂರು ದಿನ ಬಿಸಿಲಲ್ಲಿ ಬೆಂದು, ದುಡ್ಡು ಖಾಲಿಯಾಗಿ, ಗಬ್ಬು ನಾತದಲ್ಲಿ ಮಲಗಿದ್ದ ಗುಂಪು ಅದು. ಅದರ ಸುತ್ತ ಗುಡ್ಡೆಗಟ್ಟಲೆ ಒಣ ಕಸ. ಅಂಥವರ ಕೈಗೆ ಬೆಂಕಿ ಕೊಟ್ಟರು! ಜನ ಶಾಂತಿಯ ಚಿತ್ರಗಳಿದ್ದ ಆ ಗೋಡೆಯ ಹಲಗೆಗಳನ್ನು ಕಿತ್ತು ತಂದು ಉರಿಗೆ ಹಾಕಿದರು. ಟ್ರೇಲರ್‌ಗಳು ಹೊತ್ತಿಕೊಂಡವು. ಅಂಗಡಿಗಳನ್ನು ದೋಚಿದರು, ಎಟಿಎಂ ಯಂತ್ರಗಳನ್ನು ಒಡೆದರು. ‘ಪೀಸ್ ಪಟ್ರೋಲ್’ (ಶಾಂತಿ ಗಸ್ತು) ಅಂತ ಅಂಗಿ ಹಾಕಿಸಿ, ತರಾತುರಿಯಲ್ಲಿ ಸೇರಿಸಿಕೊಂಡಿದ್ದ ಕಾವಲು ಹುಡುಗರು ಅಷ್ಟೊತ್ತಿಗೆ ಕೈಚೆಲ್ಲಿ ಆಗಿತ್ತು. ಕೊನೆಗೆ ರಾಜ್ಯ ಪೊಲೀಸರು ಸಾಲುಕಟ್ಟಿ ಒಳಗೆ ಬಂದರು.

ಲಿಂಪ್ ಬಿಜ್‌ಕಿಟ್ ಹಾಡಿ ಅಷ್ಟೊತ್ತಿಗೆ ಒಂದು ದಿನ ಕಳೆದಿತ್ತು.

ಒಂದು ವರ್ಷ ಮೊದಲು, 2021ರಲ್ಲಿ, ಎಚ್‌ಬಿಓ ಕೂಡ ಇದೇ ಹಬ್ಬದ ಮೇಲೆ ಚಿತ್ರ ಮಾಡಿತ್ತು. ಅದರ ದಾರಿ ಬೇರೆ. ಆ ಕಾಲದ ಹುಡುಗರ ಸಿಟ್ಟು, ಆ ಸಂಗೀತದ ಒರಟುತನ, ಹೆಣ್ಣುಮಕ್ಕಳನ್ನು ಕಾಣುತ್ತಿದ್ದ ರೀತಿ, ಹೀಗೆ ಸಮಾಜದ ಕಡೆಯಿಂದ ನೋಡುತ್ತೆ. ಎರಡನ್ನೂ ನೋಡಿದವರ ನಡುವೆ ಯಾವುದು ಸರಿ ಅಂತ ಜಗಳ ಇದ್ದೇ ಇದೆ. ನನ್ನ ಮತ ನೆಟ್‌ಫ್ಲಿಕ್ಸಿನ ಕಡೆಗೆ ಸ್ವಲ್ಪ ಜಾಸ್ತಿ ವಾಲುತ್ತೆ, ಯಾಕಂದರೆ ಅದು ಕಸದ ಬುಟ್ಟಿಯ ಹತ್ತಿರವಾದರೂ ಹೋಗುತ್ತೆ. ಆದರೆ ಸತ್ತವರ ವಿಷಯದಲ್ಲಿ ಎಚ್‌ಬಿಓ ಚಿತ್ರವೇ ಮೇಲು. ಮೆಟಾಲಿಕಾ ಹಾಡುತ್ತಿದ್ದಾಗ ಗುಂಪಿನಲ್ಲಿ ಕುಸಿದ 24 ವರ್ಷದ ಒಬ್ಬ ಯುವಕ ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ. ಕಾರಣ ಮೈ ಕಾವೇರಿದ್ದು. ಯಾರೂ ಹೊಡೆಯಲಿಲ್ಲ, ಬೆಂಕಿಯೂ ತಾಗಲಿಲ್ಲ. ಬಿಸಿಲು, ನೂಕುನುಗ್ಗಲು, ನೀರಿಲ್ಲದ ಮೈ. ಆ ಚಿತ್ರ ಅವನ ಬಗ್ಗೆ ನಿಂತು ಮಾತಾಡುತ್ತೆ.

ಹೆಣ್ಣುಮಕ್ಕಳ ಮೇಲೆ ನಡೆದದ್ದರ ಬಗ್ಗೆ ಬಂದ ಸಿಟ್ಟೇ ಬೇರೆ ತೂಕದ್ದು. ಅಲ್ಲಿ ಅತ್ಯಾಚಾರದ ದೂರುಗಳು ದಾಖಲಾದವು. ಜನರ ಕೈಮೇಲೆ ತೇಲಿಹೋಗುತ್ತಿದ್ದ ಹುಡುಗಿಯರನ್ನು ಎಲ್ಲೆಲ್ಲೋ ಮುಟ್ಟಿ ಹಿಂಸಿಸಿದ್ದು ಕ್ಯಾಮೆರಾದಲ್ಲೇ ಇದೆ. ಅದರ ಬಗ್ಗೆ ಕೇಳಿದರೆ, ಬಟ್ಟೆ ಬಿಚ್ಚಿ ಓಡಾಡಿದವರದ್ದೂ ಸ್ವಲ್ಪ ತಪ್ಪಿದೆ ಅನ್ನೋ ಅರ್ಥದಲ್ಲಿ ಶೆರ್ ಮಾತಾಡಿದ. ಇಪ್ಪತ್ತು ವರ್ಷ ಕಳೆದ ಮೇಲೂ! ನೋಡುಗರು ಉರಿದುಬಿದ್ದರು, ನ್ಯಾಯವಾಗಿಯೇ. ನನ್ನ ತಕರಾರು ಇನ್ನೂ ಒಂದಿದೆ. ಆ ದೃಶ್ಯಗಳನ್ನು 1999ರಲ್ಲಿ ಚಿತ್ರೀಕರಿಸಿದ್ದು ಕಾಸು ಕೊಟ್ಟು ಮನೆಯಲ್ಲಿ ಕೂತು ನೋಡುವವರಿಗಾಗಿ. ಆಗ ಅದು ಮಜಾ. ಈಗ ಅದೇ ದೃಶ್ಯ, ಅದೇ ಹುಡುಗಿಯರು. ಹಿನ್ನೆಲೆಯಲ್ಲಿ ಗಂಭೀರ ಸಂಗೀತ ಹಾಕಿದ ತಕ್ಷಣ ಖಂಡನೆ ಆಗಿಬಿಟ್ಟಿತಾ? ಅವರ ಒಪ್ಪಿಗೆಯನ್ನು ಆಗಲೂ ಯಾರೂ ಕೇಳಿದಂತೆ ಕಾಣಲ್ಲ. ಒಂದು ಸಲ ತೋರಿಸಿದ್ದರೆ ಸಾಕಿತ್ತು. ಮತ್ತೆ ಮತ್ತೆ ತೋರಿಸಿದ್ದು ಯಾರಿಗಾಗಿ?

ಈ ಗೊಂದಲ ಹೊಸದೇನಲ್ಲ. 1969ರ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ರೇಸ್ ಟ್ರ್ಯಾಕ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಪುಕ್ಕಟೆ ಕಾರ್ಯಕ್ರಮ ಕೊಟ್ಟರು. ವೇದಿಕೆ ಕಾಯೋಕೆ ನಿಂತವರು ಹೆಲ್ಸ್ ಏಂಜಲ್ಸ್ ಅನ್ನೋ ಬೈಕ್ ಗ್ಯಾಂಗಿನವರು. ಹಾಡಿನ ನಡುವೆಯೇ ಮೆರೆಡಿತ್ ಹಂಟರ್ ಎಂಬ 18 ವರ್ಷದ ಹುಡುಗ ಅವರ ಚಾಕುವಿಗೆ ಬಲಿಯಾದ. ಮೇಸಲ್ಸ್ ಸಹೋದರರು ಮತ್ತು ಶಾರ್ಲಟ್ ಜ್ವೆರಿನ್ ಮಾಡಿದ ‘ಗಿಮ್ಮೆ ಶೆಲ್ಟರ್’ ಚಿತ್ರದಲ್ಲಿ ಇದು ಬರುತ್ತೆ.

ಅದರಲ್ಲಿ ಒಂದು ದೃಶ್ಯವನ್ನು ನಾನು ಬಿಡಿಬಿಡಿಯಾಗಿ ನೋಡಿದ್ದೇನೆ. ಸಂಕಲನದ ಕೋಣೆ. ಮಿಕ್ ಜ್ಯಾಗರ್ ಪುಟ್ಟ ಪರದೆ ಮುಂದೆ ಕೂತಿದ್ದಾನೆ. ರೀಲು ಓಡುತ್ತೆ, ನಿಲ್ಲುತ್ತೆ, ಹಿಂದಕ್ಕೆ ಹೋಗುತ್ತೆ. ಇಲ್ಲಿ ನೋಡು, ಹಂಟರ್ ಕೈಯಲ್ಲಿ ಬಂದೂಕು. ಇಲ್ಲಿ ಚಾಕು. ಜ್ಯಾಗರ್ ಒಂದೆರಡು ಮಾತು ಆಡುತ್ತಾನೆ, ಏಳುತ್ತಾನೆ, ಹೊರಡುತ್ತಾನೆ. ಚಿತ್ರ ಅವನ ಮುಖದ ಮೇಲೆ ನಿಂತುಬಿಡುತ್ತೆ. ಹಬ್ಬದ ಸಾಕ್ಷ್ಯಚಿತ್ರಕ್ಕೆ ನೋಡುಗನ ಪ್ರತಿಕ್ರಿಯೆ ಏನು ಅನ್ನೋದು ಚಿತ್ರದ ಒಳಗೇ ಸೇರಿಹೋಗಿದೆ. ಆ ನೋಡುಗ ವೇದಿಕೆ ಮೇಲಿದ್ದ ಗಾಯಕನೇ. ಆ ಮುಖದಲ್ಲಿ ಪಶ್ಚಾತ್ತಾಪ ಕಂಡವರಿದ್ದಾರೆ. ಏನೂ ಇಲ್ಲದ ಖಾಲಿತನ ಕಂಡವರೂ ಇದ್ದಾರೆ. ನನಗಂತೂ ಬರೀ ಸುಸ್ತು ಕಂಡಿತು.

ಇಲ್ಲೂ ಎಲ್ಲರ ನೆನಪಲ್ಲಿ ಉಳಿದಿದ್ದು ಚಾಕು, ಬೈಕ್ ಗ್ಯಾಂಗು, ಜ್ಯಾಗರ್ ಮುಖ. ವೇದಿಕೆ ಎಷ್ಟು ಎತ್ತರ ಇತ್ತು ಅಂತ ಕೇಳಿದರೆ ಯಾರಿಗೂ ನೆನಪಿರಲ್ಲ. ಅದು ಸುಮಾರು ಒಂದು ಮೀಟರ್ ಎತ್ತರದ್ದು. ಮೊದಲು ಗೊತ್ತುಮಾಡಿದ್ದ ಜಾಗ ಬೇರೆ, ಸಿಯರ್ಸ್ ಪಾಯಿಂಟ್. ಅಲ್ಲಿ ವೇದಿಕೆ ದಿಬ್ಬದ ಮೇಲೆ ಇರುತ್ತಿತ್ತು, ಅಷ್ಟು ಎತ್ತರ ಸಾಕಾಗುತ್ತಿತ್ತು. ಕೊನೇ ಗಳಿಗೆಯಲ್ಲಿ ಜಾಗ ಬದಲಾಯಿತು. ಅದೇ ವೇದಿಕೆಯನ್ನು ತಂದು ಇಳಿಜಾರಿನ ತಳದಲ್ಲಿ ನಿಲ್ಲಿಸಿದರು. ಸುಮಾರು ಮೂರು ಲಕ್ಷ ಜನರ ಭಾರವೆಲ್ಲ ಇಳಿಜಾರಲ್ಲಿ ಅದರ ಮೇಲೆ ಬಂತು. ಮುಂದಿನ ಸಾಲಿನವನಿಗೂ ಗಾಯಕನಿಗೂ ನಡುವೆ ಇದ್ದದ್ದು ಆ ಬೈಕಿನವರು ಮಾತ್ರ. ಮರಗೆಲಸದವನೊಬ್ಬ ಒಂದು ದಿನ ಮೊದಲು ಸಿಕ್ಕಿದ್ದರೆ ಕಥೆ ಬೇರೆ ಆಗುತ್ತಿತ್ತೋ ಏನೋ.

ಅದೇ ವರ್ಷದ ಆಗಸ್ಟ್‌ನಲ್ಲಿ ನಡೆದ ಮೂಲ ವುಡ್‌ಸ್ಟಾಕ್ ಕೂಡ ಏನೂ ಅಚ್ಚುಕಟ್ಟಾಗಿರಲಿಲ್ಲ. ಬೇಲಿ ಮುಗಿದಿರಲಿಲ್ಲ, ಊಟ ಸಾಲಲಿಲ್ಲ, ರಸ್ತೆಗಳು ಕಟ್ಟಿಹೋದವು. ಮಲಗಿದ್ದ ಒಬ್ಬ ಹುಡುಗನ ಮೇಲೆ ಟ್ರ್ಯಾಕ್ಟರ್ ಹರಿದು ಅವನು ಸತ್ತ. ಆದರೂ ಮೈಕಲ್ ವಾಡ್ಲೀ ಅವರ ಚಿತ್ರ ನೋಡಿ ಎದ್ದವರಿಗೆ ಅದೊಂದು ಚಿನ್ನದಂಥ ವಾರಾಂತ್ಯ. ಆ ಚಿತ್ರಕ್ಕೆ ಆಸ್ಕರ್ ಬಂತು. 1999ರಲ್ಲಿ ಟಿಕೆಟ್ ಕೊಂಡ ಹುಡುಗರು ಕೊಂಡಿದ್ದು ಒಂದು ಲೆಕ್ಕದಲ್ಲಿ ಆ ಚಿತ್ರವನ್ನೇ.

ಆದರೆ ಆ ಚಿತ್ರ ಒಂದು ಕೆಲಸ ಮಾಡಿತು. ಕಕ್ಕಸು ತೊಳೆಯುವವನನ್ನು ತೋರಿಸಿತು. ನಡುವಯಸ್ಸಿನ ಮನುಷ್ಯ, ನಗುಮುಖ. ಒಂದೊಂದೇ ಬಾಗಿಲು ತೆಗೆದು, ಪೈಪು ಇಳಿಸಿ, ಖಾಲಿ ಮಾಡುತ್ತಾ ಹೋಗುತ್ತಾನೆ. ಈ ಮಕ್ಕಳಿಗಾಗಿ ಮಾಡ್ತಿದೀನಿ, ಖುಷಿ ಅನ್ನುತ್ತಾನೆ. ನನ್ನ ಒಬ್ಬ ಮಗ ಇಲ್ಲೇ ಎಲ್ಲೋ ಇದಾನೆ, ಇನ್ನೊಬ್ಬ ವಿಯೆಟ್ನಾಂನಲ್ಲಿ ಇದಾನೆ ಅನ್ನುತ್ತಾನೆ. ಆ ಇಡೀ ಹಬ್ಬ, ಆ ಇಡೀ ಯುದ್ಧ, ಆ ಒಂದು ಮಾತಲ್ಲಿ ಇದೆ. ಚಿತ್ರಮಂದಿರದಲ್ಲಿ ಜನ ನಕ್ಕರು, ಚಪ್ಪಾಳೆಯನ್ನೂ ತಟ್ಟಿರಬೇಕು. ಅವನಿಗೆ ಮಾತ್ರ ಇದು ಹಿಡಿಸಲಿಲ್ಲ. ನನ್ನನ್ನು ಕೇಳದೆ ಚಿತ್ರದಲ್ಲಿ ಹಾಕಿ ನಗೆಪಾಟಲು ಮಾಡಿದರು ಅಂತ ಕೋರ್ಟಿಗೆ ಹೋದ. ಇಂಥ ಚಿತ್ರಗಳಿಗೆ ಬಂದ ಪ್ರತಿಕ್ರಿಯೆಗಳಲ್ಲಿ ನನಗೆ ಬಹಳ ಗಂಭೀರ ಅನ್ನಿಸಿದ್ದು ಇದೇ.

ಇನ್ನು ಫೈರ್ ಫೆಸ್ಟಿವಲ್ ಅನ್ನೋ ಐಷಾರಾಮಿ ಸಂಗೀತ ಹಬ್ಬ. 2017ರ ಏಪ್ರಿಲ್, ಬಹಾಮಸ್‌ನ ಗ್ರೇಟ್ ಎಕ್ಸೂಮಾ ದ್ವೀಪ. ಇದರ ಮೇಲೆ 2019ರ ಜನವರಿಯಲ್ಲಿ ಒಂದೇ ವಾರದಲ್ಲಿ ಎರಡು ಚಿತ್ರ ಬಂದವು, ಒಂದು ಹುಲುವಿನಲ್ಲಿ, ಇನ್ನೊಂದು ನೆಟ್‌ಫ್ಲಿಕ್ಸಿನಲ್ಲಿ. ಪ್ರತಿಕ್ರಿಯೆ ಇಲ್ಲಿ ಸಲೀಸು: ನಗು. ಸಾವಿರಾರು ಡಾಲರ್ ಸುರಿದು ಬಂದ ಶ್ರೀಮಂತ ಮಕ್ಕಳಿಗೆ ವಿಲ್ಲಾ ಬದಲು ವಿಪತ್ತು ಪರಿಹಾರದ ಟೆಂಟು ಸಿಕ್ಕಿತು. ರಾತ್ರಿ ಮಳೆಗೆ ಹಾಸಿಗೆಗಳು ನೆನೆದುಹೋಗಿದ್ದವು. ಫೋಮ್ ಡಬ್ಬಿಯಲ್ಲಿ ಎರಡು ತುಂಡು ಬ್ರೆಡ್ಡು, ಚೀಸು, ಒಂದಿಷ್ಟು ಸೊಪ್ಪು. ಆ ಫೋಟೊ ಊರೆಲ್ಲ ಸುತ್ತಿತು. “ಚೆನ್ನಾಗಿ ಆಯ್ತು” ಅಂದವರೇ ಜಾಸ್ತಿ. ಸುಳ್ಳು ಯಾಕೆ, ನಾನೂ ನಕ್ಕೆ.

ನೆಟ್‌ಫ್ಲಿಕ್ಸ್ ಚಿತ್ರದಲ್ಲಿ ಆ ನಗು ಒಂದು ಕಡೆ ನಿಲ್ಲುತ್ತೆ. ದ್ವೀಪದಲ್ಲಿ ಹೋಟೆಲ್ ನಡೆಸುವ ಒಬ್ಬ ಹೆಂಗಸು ಮಾತಾಡುತ್ತಾರೆ. ಕೆಲಸಗಾರರಿಗೆ ಹಗಲೂ ರಾತ್ರಿ ಅಡುಗೆ ಮಾಡಿ ಹಾಕಿದವರು. ಆಯೋಜಕರು ದುಡ್ಡು ಕೊಡದೆ ಓಡಿದರು. ತನ್ನ ಕೆಲಸದವರಿಗೆ ಕೂಲಿ ಕೊಡಲು ಉಳಿತಾಯದ 50,000 ಡಾಲರ್ ಕಳಕೊಂಡೆ ಅನ್ನುತ್ತಾರೆ. ಅವರ ಕಣ್ಣಲ್ಲಿ ನೀರು. ನೋಡಿದವರು ಸುಮ್ನೆ ಕೂರಲಿಲ್ಲ. ಆನ್‌ಲೈನ್ ಚಂದಾ ಎರಡು ಲಕ್ಷ ಡಾಲರ್ ದಾಟಿತು. ಸಾಕ್ಷ್ಯಚಿತ್ರದ ಪ್ರತಿಕ್ರಿಯೆ ಒಬ್ಬರ ಖಾತೆಗೆ ದುಡ್ಡಾಗಿ ಬಿದ್ದದ್ದು ಅಪರೂಪ. ಆದರೆ ಡೇರೆ ಹೊಡೆದ, ಮರಳು ಹೊತ್ತ ಆ ದ್ವೀಪದ ಕೂಲಿಗಳು ಕ್ಯಾಮೆರಾ ಮುಂದೆ ಅಷ್ಟು ಹೊತ್ತು ಕೂತು ಮಾತಾಡಲಿಲ್ಲ. ಅವರ ಹೆಸರಲ್ಲಿ ಚಂದಾ ಎತ್ತಿದ ಗದ್ದಲವನ್ನು ನಾನು ಕೇಳಿಲ್ಲ.

ಆ ಎರಡು ಚಿತ್ರಗಳ ಒಳಕಥೆಯೂ ಮಜವಾಗಿದೆ. ಹಬ್ಬದ ಪ್ರಚಾರ ಮಾಡಿದ್ದ ಜೆರ್ರಿ ಮೀಡಿಯಾ ಕಂಪನಿಯೇ ನೆಟ್‌ಫ್ಲಿಕ್ಸ್ ಚಿತ್ರದ ನಿರ್ಮಾಣದಲ್ಲಿ ಪಾಲುದಾರ. ಇತ್ತ ಹುಲು ಚಿತ್ರದವರು ಹಬ್ಬದ ಆಯೋಜಕ, ವಂಚಕ ಬಿಲ್ಲಿ ಮೆಕ್‌ಫಾರ್ಲ್ಯಾಂಡ್‌ಗೇ ಸಂದರ್ಶನಕ್ಕೆ ಕಾಸು ಕೊಟ್ಟಿದ್ದರು. ಒಬ್ಬರನ್ನೊಬ್ಬರು ಬೈದುಕೊಂಡರು. ನೋಡುಗರಿಗೆ ಇದೂ ಒಂದು ಮನರಂಜನೆ.

ಮುಖ್ಯವಾದ ಒಂದು ಸಣ್ಣ ವಿಷಯ ಮಾತ್ರ ಯಾರ ಬಾಯಲ್ಲೂ ಬರಲ್ಲ. ಹಬ್ಬಕ್ಕೆ ಆರಿಸಿದ ವಾರವೇ ಆ ದ್ವೀಪದಲ್ಲಿ ವರ್ಷಕ್ಕೊಮ್ಮೆ ನಡೆಯುವ ದೋಣಿ ಸ್ಪರ್ಧೆ ಇತ್ತು. ಹೋಟೆಲ್ ಕೋಣೆಗಳು ಮೊದಲೇ ಬುಕ್ ಆಗಿದ್ದವು. ಕ್ಯಾಲೆಂಡರ್ ತೆರೆದು ನೋಡಿದ್ದರೆ ಗೊತ್ತಾಗುತ್ತಿತ್ತು. ಸ್ಯಾಂಡ್‌ವಿಚ್ ಫೋಟೊದ ಹಾಗೆ ಕ್ಯಾಲೆಂಡರ್ ಫೋಟೊ ಎಲ್ಲಿ ವೈರಲ್ ಆಗುತ್ತೆ ಹೇಳಿ?

ಹಾಗಂತ ಚಿತ್ರ ಮಾಡುವವರನ್ನೇ ದೂರಿದರೆ ತಪ್ಪಾಗುತ್ತೆ. ಪೈಪು, ಪಾಳಿ, ಬಿಲ್ಲು ತೋರಿಸುತ್ತಾ ಕೂತರೆ ಹತ್ತೇ ನಿಮಿಷಕ್ಕೆ ನಾವು ಬೇರೆ ಏನಾದರೂ ಹಾಕಿಕೊಳ್ಳುತ್ತೇವೆ. ಎಲ್ಲ ಸರಿಯಾಗಿ ನಡೆದ ಹಬ್ಬದ ಮೇಲೆ ಮೂರು ಕಂತು ಯಾರು ನೋಡ್ತಾರೆ? ವುಡ್‌ಸ್ಟಾಕ್ 99 ಸುಟ್ಟುಹೋದ ಬರೀ ಎರಡೂವರೆ ತಿಂಗಳ ಮೇಲೆ, ಅಕ್ಟೋಬರ್‌ನಲ್ಲಿ, ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಮೊದಲ ಕೋಚೆಲ್ಲಾ ಸಂಗೀತ ಹಬ್ಬ ನಡೆಯಿತು. ಅಲ್ಲೂ ವಿಪರೀತ ಸೆಕೆ. ಒಳಗೆ ಬಂದವರಿಗೆಲ್ಲ ಒಂದು ಬಾಟಲಿ ನೀರು ಪುಕ್ಕಟೆ ಕೊಟ್ಟರು. ಪಾರ್ಕಿಂಗ್‌ಗೆ ಕಾಸಿಲ್ಲ, ಬೇಕಾದಷ್ಟು ಕಕ್ಕಸು. ಗಲಾಟೆ ಆಗಲಿಲ್ಲ. ಆಯೋಜಕರಿಗೆ ಭಾರೀ ನಷ್ಟವಾಯಿತು, 2000ದಲ್ಲಿ ಹಬ್ಬ ನಡೆಯಲೇ ಇಲ್ಲ. ನನ್ನ ಮಟ್ಟಿಗೆ ಇದು ವುಡ್‌ಸ್ಟಾಕ್ 99ಕ್ಕಿಂತ ಒಳ್ಳೆಯ ಕಥೆ. ಆದರೆ ಇದರಲ್ಲಿ ಬೆಂಕಿ ಇಲ್ಲ.

“ಅಲ್ಲಿ ಇರಬೇಕಿತ್ತು” ಅನ್ನೋ ಆಸೆ ಹುಟ್ಟೋದು ಇಲ್ಲಿಂದಲೇ ಅಂತ ನನಗನ್ನಿಸುತ್ತೆ. ಚಿತ್ರದಲ್ಲಿ ಮೂರು ದಿನದ ಬಾಯಾರಿಕೆ ಐದು ನಿಮಿಷದಲ್ಲಿ ಮುಗಿಯುತ್ತೆ. ನಾತ ಬರಲ್ಲ. ಕಕ್ಕಸಿನ ಸಾಲಲ್ಲಿ ಒಂದು ಗಂಟೆ ನಿಲ್ಲೋದು ತೆರೆಯ ಮೇಲೆ ಎರಡು ಸೆಕೆಂಡ್. ಉಳಿಯೋದು ಡ್ರಮ್ಮು, ಕತ್ತಲು, ಜ್ವಾಲೆ, ಎರಡು ಲಕ್ಷ ಜನ ಒಂದೇ ಸಲ ಎಗರುವ ದೃಶ್ಯ. ಅಂಥದ್ದನ್ನು ನೋಡಿ ಇಪ್ಪತ್ತರ ಹುಡುಗನಿಗೆ ಮೈ ಜುಮ್ಮೆನ್ನದಿದ್ದರೆ ಆಶ್ಚರ್ಯ.

ಇದನ್ನು ಚೆನ್ನಾಗಿ ಅರಿತವನು ಮೆಕ್‌ಫಾರ್ಲ್ಯಾಂಡ್. ವಂಚನೆಗೆ ಆರು ವರ್ಷ ಶಿಕ್ಷೆಯಾಗಿ, 2022ರಲ್ಲಿ ಅವಧಿಗೆ ಮೊದಲೇ ಹೊರಬಂದ. 2023ರ ಆಗಸ್ಟ್‌ನಲ್ಲಿ ಎರಡನೇ ಫೈರ್ ಹಬ್ಬದ ಟಿಕೆಟ್ ಮಾರಾಟಕ್ಕಿಟ್ಟ. ಕಲಾವಿದರ ಪಟ್ಟಿ ಇಲ್ಲ. ತಾರೀಕು ಗಟ್ಟಿಯಿಲ್ಲ. 499 ಡಾಲರ್‌ನ ಮೊದಲ 100 ಟಿಕೆಟ್ ಖಾಲಿ ಆಯಿತು ಅಂತ ಸಾರಿದ. ಕೊಂಡವರು ಆ ಎರಡು ಚಿತ್ರಗಳನ್ನು ನೋಡಿರಲಿಲ್ಲ ಅಂದರೆ ನಾನು ನಂಬಲ್ಲ. ನೋಡಿದ್ದಕ್ಕೇ ಕೊಂಡರು. ಆಮೇಲೆ ಮೆಕ್ಸಿಕೋದ ಇಸ್ಲಾ ಮುಹೇರೆಸ್ ಅಂತ ಜಾಗ ಹೇಳಿದ. ಅಲ್ಲಿನ ಆಡಳಿತ ತನಗೆ ಅಂಥ ಹಬ್ಬದ ವಿಷಯವೇ ಗೊತ್ತಿಲ್ಲ ಅಂದಿತು. 2025ರ ಏಪ್ರಿಲ್‌ನಲ್ಲಿ ಹಬ್ಬ ಮುಂದೂಡಿದರು. ಜುಲೈನಲ್ಲಿ ಫೈರ್ ಅನ್ನೋ ಹೆಸರನ್ನೇ ಇಬೇನಲ್ಲಿ ಹರಾಜಿಗೆ ಹಾಕಿದ. 2,45,300 ಡಾಲರ್‌ಗೆ ಹೋಯಿತು. ಇಷ್ಟು ಕಮ್ಮಿಯಾ ಅಂತ ಅವನಿಗೇ ಬೇಜಾರಾಯಿತಂತೆ.